ನಿಮಗಿದು ಗೊತ್ತೆ? ಕುರುಡನಿಗೆ ಕಾಡುದಾರಿ ತೋರಿದ ನಾಯಿ

ಅಮೆರಿಕದ ಅಪಲಾಚಿಯನ್ ಟ್ರೇಲ್ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳನ್ನು ಹಾದುಹೋಗುವ ಕಾಲುದಾರಿ. ಉದ್ದ ಸುಮಾರು 3,500 ಕಿ.ಮೀ. ಮರ, ಬಂಡೆಗಳ ಮೇಲೆ ಬಳಿದ ಬಿಳಿ ಪಟ್ಟಿಗಳೇ ಇಲ್ಲಿ ಗುರುತು. ಆ ಪಟ್ಟಿಯೇ ಕಾಣದವರು ಏನು ಮಾಡಬೇಕು?

ನಾರ್ತ್ ಕೆರೊಲಿನಾದ ಬಿಲ್ ಇರ್ವಿನ್‌ಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. 1990ರ ಮಾರ್ಚ್‌ನಲ್ಲಿ ಅವರು ಓರಿಯಂಟ್ ಎಂಬ ಜರ್ಮನ್ ಶೆಫರ್ಡ್ ಮಾರ್ಗದರ್ಶಿ ನಾಯಿಯ ಜೊತೆ ಹೊರಟೇಬಿಟ್ಟರು. ಮಾರ್ಗದರ್ಶಿ ನಾಯಿಗಳ ತರಬೇತಿಯೆಲ್ಲ ಪೇಟೆ ಬೀದಿಗೆ ತಕ್ಕದ್ದು: ಫುಟ್‌ಪಾತ್ ಅಂಚಿನಲ್ಲಿ ನಿಲ್ಲುವುದು, ವಾಹನ ಬಂದರೆ ಒಡೆಯನನ್ನು ತಡೆಯುವುದು. ಇಲ್ಲಿಯೋ ಹೆಜ್ಜೆಹೆಜ್ಜೆಗೂ ಬೇರು, ಜಾರುಬಂಡೆ, ಹಳ್ಳ. ನಾಯಿಯ ಬೆನ್ನಿಗೆ ತನ್ನದೇ ಹೊರೆ ಬೇರೆ! ಇರ್ವಿನ್ ಸಾವಿರಾರು ಸಲ ಬಿದ್ದರು, ಪಕ್ಕೆಲುಬಿಗೂ ಪೆಟ್ಟಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಇಬ್ಬರೂ ಕೊನೆ ಮುಟ್ಟಿದರು. ಇಡೀ ದಾರಿಯನ್ನು ಒಂದೇ ಯಾತ್ರೆಯಲ್ಲಿ ಮುಗಿಸಿದ ಮೊದಲ ಅಂಧ ವ್ಯಕ್ತಿ ಇರ್ವಿನ್. ಅಷ್ಟರಲ್ಲಿ ಈ ಜೋಡಿಗೆ ಚಾರಣಿಗರು ಇಟ್ಟ ಹೆಸರು ‘ಓರಿಯಂಟ್ ಎಕ್ಸ್‌ಪ್ರೆಸ್’. ನಾಯಿಯ ಹೆಸರೇ ಮುಂದಾಗಿದ್ದು ನ್ಯಾಯವೇ ಸರಿ.

ಅಂದಹಾಗೆ, ಈ ದಾರಿಯ ಕೆಲವೆಡೆ ಸಾಕುನಾಯಿಗೆ ಪ್ರವೇಶವಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಹಾದುಹೋಗುವ ಭಾಗದಲ್ಲೂ ಕಟಾಡಿನ್ ಇರುವ ಬ್ಯಾಕ್ಸ್‌ಟರ್ ಉದ್ಯಾನದಲ್ಲೂ ನಿಷೇಧ. ಹಾಗಾಗಿ ಸಾಕುನಾಯಿ ಕರೆತಂದವರು ಅಲ್ಲಿ ಅದನ್ನು ಯಾರದಾದರೂ ಸುಪರ್ದಿಗೆ ಬಿಟ್ಟು ಮುಂದೆ ನಡೆಯಬೇಕು. ಮಾರ್ಗದರ್ಶಿ ನಾಯಿಯಂಥ ಸೇವಾ ನಾಯಿಗಳಿಗೆ ಮಾತ್ರ ವಿನಾಯಿತಿ.