ಗುಳಿಗೆಯ ಭಯ, ಗುಳಿಗೆಯ ಲೆಕ್ಕ

‘ಆ ಗುಳಿಗಿ ನುಂಗಿದ್ರ ಮೈಯಾಗ ಕಾವು ಏರತೈತಂತ, ಮುಂದ ಮಕ್ಕಳಾಗೂದಿಲ್ಲಂತ. ಖರೇ ಏನ್ರಿ ಅಕ್ಕಾರ?’

ಧಾರವಾಡದ ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆ ನನ್ನ ಹೆಂಡತಿಯನ್ನು ಕೇಳಿದ ಪ್ರಶ್ನೆಯಿದು. ಉತ್ತರ ಹುಡುಕುವ ಕೆಲಸ ವಿಜ್ಞಾನದ ಮಾಸ್ತರನಾದ ನನ್ನ ಪಾಲಿಗೆ ಬಂತು. ತಮಾಷೆಯೆಂದರೆ, ಹಿಂದಿನ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಈಕೆಯೇ ಮುಟ್ಟು ಮುಂದೂಡುವ ಗುಳಿಗೆಯನ್ನು ಅಂಗಡಿಯಿಂದ ತರಿಸಿ, ಯಾರನ್ನೂ ಕೇಳದೆ ನುಂಗಿದ್ದಳು. ಅದೂ ಹಾರ್ಮೋನಿನ ಗುಳಿಗೆಯೇ! ನಮ್ಮ ಭಯ ಗುಳಿಗೆಗಿಂತ ಅದರ ಹೆಸರಿಗೇ ಅಂಟಿಕೊಂಡಿದೆ.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುವ ‘ಮಾಲಾ–ಎನ್’ ಪಟ್ಟಿಯಲ್ಲಿ 28 ಗುಳಿಗೆಗಳಿವೆ. 21ರಲ್ಲಿ ಹಾರ್ಮೋನು, ಉಳಿದ 7ರಲ್ಲಿ ಕಬ್ಬಿಣಾಂಶ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಗುಳಿಗೆಯಲ್ಲಿ ಈಸ್ಟ್ರೋಜನ್ ವರ್ಗದ ಹಾರ್ಮೋನು 0.15 ಮಿ.ಗ್ರಾಂ. ಇತ್ತು, ಮಾಲಾದಲ್ಲಿ ಇರುವುದು 0.03 ಮಿ.ಗ್ರಾಂ. ಹಳೆಯ ಗುಳಿಗೆಯ ಅಪಖ್ಯಾತಿಯನ್ನು ಇಂದಿನದೂ ಹೊತ್ತುಕೊಂಡಿದೆ.

ಮೊದಲ ಎರಡು–ಮೂರು ತಿಂಗಳು ಕೆಲವರಿಗೆ ಓಕರಿಕೆ, ತಲೆನೋವು, ನಡುನಡುವೆ ರಕ್ತ ಕಾಣುವುದುಂಟು. ‘ಕಾವು’ ಎಂಬ ಮಾತು ಇಲ್ಲಿಂದಲೇ ಹುಟ್ಟಿರಬಹುದು. ಆದರೆ ಗುಳಿಗೆ ಹೊಟ್ಟೆಯಲ್ಲಿ ಕೂಡಿಕೊಳ್ಳುವುದಿಲ್ಲ. ಬಿಟ್ಟ ಕೆಲವೇ ತಿಂಗಳಲ್ಲಿ ಹೆಚ್ಚಿನವರಿಗೆ ಗರ್ಭ ನಿಲ್ಲುತ್ತದೆ. ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆಯಾಗುತ್ತದೆ. ಸ್ತನ ಕ್ಯಾನ್ಸರಿನ ಸಾಧ್ಯತೆ, ನುಂಗುವಷ್ಟು ಕಾಲ, ತುಸು ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟುವ ಲೆಕ್ಕ ನೋಡಿ: ವರ್ಷಕ್ಕೆ 10,000 ಹೆಂಗಸರಲ್ಲಿ, ಗುಳಿಗೆ ನುಂಗದವರಲ್ಲಿ 1ರಿಂದ 5, ನುಂಗುವವರಲ್ಲಿ 3ರಿಂದ 9, ಬಸುರಿಯರಲ್ಲಿ 5ರಿಂದ 20.

ಹಾಗೆಂದು ಇದು ಎಲ್ಲರಿಗೂ ಅಲ್ಲ. ರಕ್ತದೊತ್ತಡ ಇರುವವರು, ಕಣ್ಣ ಮುಂದೆ ಮಿಂಚು ಕಾಣಿಸುವ ಅರೆತಲೆನೋವಿನವರು, 35 ದಾಟಿದ ಧೂಮಪಾನಿಗಳು, ಯಕೃತ್ತಿನ ಕಾಯಿಲೆಯವರು, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕ್ಷಯದ ರಿಫಾಂಪಿಸಿನ್ ಔಷಧಿ ಗುಳಿಗೆಯ ಶಕ್ತಿಯನ್ನೇ ಕುಂದಿಸುತ್ತದೆ. ನೆರೆಮನೆಯಾಕೆಗೆ ಒಗ್ಗಿತೆಂದು ಆಕೆಯ ಪಟ್ಟಿಯನ್ನು ತಂದು ನುಂಗುವುದು ಜಾಣತನವಲ್ಲ.

ಇನ್ನೊಂದು ನಂಬಿಕೆ ಹೆಚ್ಚು ಮೋಸದ್ದು: ಗೋವೆಗೆ ದುಡಿಯಲು ಹೋದ ಗಂಡ ಮನೆಗೆ ಬಂದ ದಿನಗಳಲ್ಲಿ ಮಾತ್ರ ನುಂಗಿದರೆ ಸಾಕೆಂಬುದು. ಅಂಡ ಬಿಡುಗಡೆಯಾಗದಂತೆ ತಡೆಯುವುದೇ ಗುಳಿಗೆಯ ಕೆಲಸ. ಆದ್ದರಿಂದ ಗಂಡ ಊರಲ್ಲಿರಲಿ ಬಿಡಲಿ, ದಿನವೂ ನುಂಗಬೇಕು. ಜಾತ್ರೆಯ ಗುಳಿಗೆಯಂತೂ ಗರ್ಭ ತಡೆಯುವುದಕ್ಕಲ್ಲ.

1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದು ಜಗತ್ತಿಗೆ ಮೊದಲಿಗನಾದದ್ದು ಮೈಸೂರು ಸಂಸ್ಥಾನ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಇಡೀ ದೇಶದಲ್ಲಿ ಗುಳಿಗೆ ಬಳಸುವವರು ನೂರಕ್ಕೆ ಸುಮಾರು ಐದು. ಮಕ್ಕಳ ನಡುವೆ ಅಂತರ ಬೇಕೆನ್ನುವ ಇಪ್ಪತ್ತರ ಹುಡುಗಿಗೆ ಶಸ್ತ್ರಚಿಕಿತ್ಸೆ ಉತ್ತರವಲ್ಲ.

ಓಣಿಯ ಸೊಸೆ ನನ್ನ ಹೆಂಡತಿಯ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಿ ಮೊದಲು ರಕ್ತದೊತ್ತಡ ನೋಡಿಸಿಕೊಂಡು ಬಂದಳು. ಗುಳಿಗೆ ಬೇಕೋ ಬೇಡವೋ ಎಂಬುದು ಆಕೆಗೆ ಬಿಟ್ಟ ವಿಚಾರ. ಆದರೆ ಅದನ್ನು ಕಟ್ಟೆಯ ಮಾತು ಕೇಳಿ ಅಲ್ಲ, ತಿಳಿದುಕೊಂಡು ನಿರ್ಧರಿಸಲಿ.