ಹರಿದ್ರೆಯ ಜಾಡಿನಲ್ಲಿ ಹರಿಹರ, ದಾವಣಗೆರೆ

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿ ದಾವಣಗೆರೆ ಮತ್ತು ಹರಿಹರ ಅಕ್ಕಪಕ್ಕದ ಊರುಗಳು. ನಡುವಿನ ದಾರಿ ಸುಮಾರು 14 ಕಿ.ಮೀ. ಹರಿಹರ ತುಂಗಭದ್ರೆಯ ದಂಡೆಯ ಹಳೆಯ ಕ್ಷೇತ್ರ, ದಾವಣಗೆರೆ ಹತ್ತಿ ಮತ್ತು ವ್ಯಾಪಾರದಿಂದ ಬೆಳೆದ ಪೇಟೆ. ಇವುಗಳ ದಕ್ಷಿಣಕ್ಕೆ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ. ಆ ಕೆರೆಗೆ ಒಡ್ಡು ಕಟ್ಟಿರುವುದು ಹರಿದ್ರಾ ಎಂಬ ಹಳ್ಳಕ್ಕೆ. ಅದೇ ಹಳ್ಳ ಮುಂದೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮೊದಲ ಸಲ ಈ ಭಾಗಕ್ಕೆ ಬರುವವರು ನೋಡಲೇಬೇಕಾದ ಸ್ಥಳಗಳಲ್ಲಿ ಹೆಚ್ಚಿನವು ಈ ನೀರಿನ ಆಸುಪಾಸಿನಲ್ಲೇ ಸಿಗುತ್ತವೆ.

ಹರಿಹರದ ಹಳೆಯ ಹೆಸರು ಕೂಡಲೂರು. ಹಳ್ಳ ಮತ್ತು ಹೊಳೆ ಕೂಡುವ ಜಾಗವಾದ್ದರಿಂದ ಆ ಹೆಸರು. ಊರಿನ ನಡುವಿರುವ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ಸೇನಾನಿ ಸೋಮ ಕೆಲವು ಭಾಗಗಳನ್ನು ಸೇರಿಸಿದ. ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದವನೂ ಈತನೇ.

ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವಿಲ್ಲ ಎಂಬ ವರ ಪಡೆದು ಮೆರೆಯುತ್ತಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹ ತಾಳಿದರು ಎಂಬುದು ಸ್ಥಳಪುರಾಣ. ದರ್ಶನ ಮುಗಿದ ಮೇಲೆ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಬಳಪದ ಕಲ್ಲಿನ ಕಂಬಗಳನ್ನು ಚರಕಿಗೆ ಹಾಕಿ ಕಡೆದಂತೆ ದುಂಡಗೆ ಮಾಡಿದ್ದಾರೆ. ಬಳೆಬಳೆಯಾಗಿ ಏರುವ ಅಂಚುಗಳ ಮೇಲೆ ಕೈಯಾಡಿಸಿದರೆ ಎಂಟು ಶತಮಾನದ ಹೊಳಪು ಇನ್ನೂ ನುಣುಪಾಗಿ ತಾಗುತ್ತದೆ. ತಲೆಯೆತ್ತಿದರೆ ಛಾವಣಿಯಲ್ಲಿ ಕಮಲದ ಕೆತ್ತನೆಗಳು. ಮೂಲ ಶಿಖರ ಉಳಿದಿಲ್ಲ, ಈಗಿರುವುದು ಇಟ್ಟಿಗೆ ಗಾರೆಯದು. ಆವರಣದ ಶಾಸನಕಲ್ಲುಗಳನ್ನೂ ಬಿಡದೆ ನೋಡಬೇಕು. ಇದೇ ಊರಿನ ಆರೋಗ್ಯಮಾತೆ ಚರ್ಚಿಗೆ ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದ ಭಕ್ತರೂ ಬರುತ್ತಾರೆ.

ದಾವಣಗೆರೆ ಹಿಂದೆ ಬೇತೂರಿಗೆ ಸೇರಿದ ಸಣ್ಣ ಊರು. ಹೈದರಾಲಿ ಇದನ್ನು ಅಪ್ಪೋಜಿರಾಮ್ ಎಂಬ ಮರಾಠಾ ಮುಖಂಡನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ, ಪೇಟೆ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. ನಗರದೊಳಗೇ ಸೇರಿಹೋಗಿರುವ ಆನೆಕೊಂಡದಲ್ಲಿ ಹಳೆಯ ಈಶ್ವರ ದೇವಾಲಯವಿದೆ. ಊರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆಗ ಊರಿನ ಮನೆಮನೆಗೂ ನೆಂಟರು ಬರುತ್ತಾರೆ. ಭದ್ರಾ ನಾಲೆಯ ನೀರು ತುಂಬುವ ಕುಂದವಾಡ ಕೆರೆ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಅದರ ಏರಿಯ ಮೇಲಿನ ನಡಿಗೆ ಮತ್ತು ಸಮೀಪದ ಗಾಜಿನಮನೆ ಸಂಜೆಗೆ ತಕ್ಕ ಜಾಗಗಳು.

ದಾವಣಗೆರೆಗೆ ಬಂದವರು ಬೆಣ್ಣೆ ದೋಸೆ ತಿನ್ನದೆ ಹೋಗುವುದಿಲ್ಲ. ಹೆಸರಾದ ಹೋಟೆಲುಗಳಲ್ಲಿ ಈಗಲೂ ಸೌದೆ ಒಲೆಯೇ. ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಒರೆಸಿ ಹಿಟ್ಟು ಹುಯ್ಯುತ್ತಾರೆ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬಿದ ಹಿಟ್ಟು ಅದು. ಅಂಚು ಗರಿಗರಿಯಾಗಿ ನಡುಭಾಗ ಮೆತ್ತಗೆ ಬೇಯುವಾಗ ಬೆಣ್ಣೆ ಹಾಕುತ್ತಾರೆ. ಜೊತೆಗೆ ಕೊಡುವುದು ಕಾಯಿ ಚಟ್ನಿ ಮತ್ತು ಆಲೂಗಡ್ಡೆ ಪಲ್ಯ, ಸಾಂಬಾರಲ್ಲ. ಪಲ್ಯ ಬೇಡ, ಬೆಣ್ಣೆಯೂ ಕಡಿಮೆ ಸಾಕು ಎನ್ನುವವರಿಗೆ ಖಾಲಿ ದೋಸೆ ಇದೆ. ಸಂಜೆಗೆ ಮಂಡಕ್ಕಿ ಮತ್ತು ಬಿಸಿ ಮಿರ್ಚಿ. ಆ ಮಂಡಕ್ಕಿ ಹುರಿಯುವ ಭಟ್ಟಿಗಳ ಬಡಾವಣೆಯೇ ನಗರದಲ್ಲಿದೆ.

ಎರಡನೆಯ ದಿನವನ್ನು ಚನ್ನಗಿರಿ ತಾಲ್ಲೂಕಿಗೆ ಮೀಸಲಿಡಬೇಕು. ಸಂತೆಬೆನ್ನೂರಿನ ಪುಷ್ಕರಣಿ ಇಲ್ಲಿನ ಪಾಳೆಯಗಾರ ಹನುಮಪ್ಪ ನಾಯಕನ ಕಾಲದ್ದು. ಚೌಕಾಕಾರದ ಕೊಳ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಅಂತಸ್ತು ಅಂತಸ್ತಾಗಿ ಏರುವ ವಸಂತ ಮಂಟಪ. ಮಂಟಪದ ಕಮಾನುಗಳಲ್ಲಿ ಬಿಜಾಪುರದ ಶೈಲಿ ಕಾಣುತ್ತದೆ. ಪಕ್ಕದಲ್ಲೇ ಮುಸಾಫಿರ್‌ಖಾನೆ ಇದೆ.

ಸೂಳೆಕೆರೆಯ ಇನ್ನೊಂದು ಹೆಸರು ಶಾಂತಿಸಾಗರ. ತುಂಬಿದಾಗ 6,500 ಎಕರೆಗೂ ಹೆಚ್ಚು ನೆಲಕ್ಕೆ ಹರಡುವ ಈ ಕೆರೆಗೆ ಉದ್ದನೆಯ ಏರಿ ಬೇಕಾಗಲಿಲ್ಲ. ಎರಡು ಗುಡ್ಡಗಳ ನಡುವೆ ಹಳ್ಳ ನುಸುಳುವ ಇಕ್ಕಟ್ಟಿನ ಕಡೆಯೇ ಒಡ್ಡು ಹಾಕಿದ್ದಾರೆ. ಆ ಜಾಗವನ್ನು ಗುರುತಿಸಿದ ಕಣ್ಣು ನಿಜಕ್ಕೂ ದೊಡ್ಡದು. ನೀರು ಬಿಡಲು ಸಿದ್ದನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿವೆ. ಕೆರೆ ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ, ಜಾಗ ಬಿಟ್ಟುಕೊಟ್ಟ ವೇಶ್ಯೆಯರು ತಮ್ಮ ಹೆಸರು ಕೆರೆಗೆ ಉಳಿಯಬೇಕೆಂದು ಕೇಳಿದರು ಎಂದು ಜನ ಹೇಳುತ್ತಾರೆ. ಕಟ್ಟಿಸಿದವಳ ಹೆಸರೂ ನೆಲ ಕೊಟ್ಟವರ ಹೆಸರೂ ಇಂದಿಗೂ ಉಳಿದಿವೆ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ಮುನ್ನ ಸೂಳೆಕೆರೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಈಗ ಹಳ್ಳದ ಒಡ್ಡೂ ಸಂಗಮವೂ ಒಂದೇ ಜಿಲ್ಲೆಯಲ್ಲಿವೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಜನವರಿಯವರೆಗೆ, ಕೆರೆಯಲ್ಲಿ ನೀರಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಎರಡು ದಿನ ಕೈಯಲ್ಲಿದ್ದರೆ ಮೊದಲ ದಿನ ಹರಿಹರ ಮತ್ತು ದಾವಣಗೆರೆ, ಮರುದಿನ ಸಂತೆಬೆನ್ನೂರು ಮತ್ತು ಸೂಳೆಕೆರೆ ನೋಡಬಹುದು. ಒಂದೇ ದಿನವಾದರೆ ಬೆಳಿಗ್ಗೆ ಹರಿಹರೇಶ್ವರ, ಮಧ್ಯಾಹ್ನ ಸೂಳೆಕೆರೆಯ ಏರಿ. ಈ ಎರಡನ್ನು ಮಾತ್ರ ಬಿಡಬಾರದು.