ಓಲೆಗರಿಯ ಚಿತ್ರವೂ ಕ್ಯಾಮೆರಾದ ಫೋಕಸ್ಸೂ

ಹಿರಿಯರು ಬಿಟ್ಟುಹೋದ ತಾಡವೋಲೆಯ ಕಟ್ಟುಗಳು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಇರುವುವು. ಅವನ್ನು ಡಿಜಿಟಲ್ ಕ್ಯಾಮೆರಾದಿಂದ ಚಿತ್ರಿಸಿಡಬೇಕೆಂಬ ಗೃಹಸ್ಥರಿಗೆ ಉಪಯೋಗವಾದೀತೆಂದು ನಮ್ಮದೊಂದು ಪ್ರಮಾದವನ್ನೇ ಇಲ್ಲಿ ನಿವೇದಿಸುವೆವು.

ನಮ್ಮ ಪಿತಾಮಹರು ಓದುತ್ತಿದ್ದ ವೈದ್ಯಗ್ರಂಥದ ಕಟ್ಟನ್ನು ಬಿಚ್ಚಿ, ಕ್ಯಾಮೆರಾವನ್ನು ಟ್ರೈಪಾಡ್ ಎಂಬ ಮುಕ್ಕಾಲಿಯ ಮೇಲೆ ನಿಲ್ಲಿಸಿದೆವು. ಕೈನಡುಕವೇ ಇಲ್ಲದ ಮೇಲೆ ಚಿತ್ರವು ಸ್ಫುಟವಾಗದಿರುವುದುಂಟೇ ಎಂದು ನಂಬಿದ್ದೆವು. ಕ್ಯಾಮೆರಾದ ಚಿಕ್ಕ ತೆರೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಮರಳಿ ಕಟ್ಟುವಾಗ ಜೀರ್ಣವಾದ ಗರಿಯೊಂದು ಪುಡಿಯಾಯಿತು. ಚಿತ್ರವುಂಟಲ್ಲಾ ಎಂದು ಸಮಾಧಾನಪಟ್ಟೆವು. ರಾತ್ರಿ ಅದನ್ನು ದೊಡ್ಡದು ಮಾಡಿ ನೋಡಲು, ಗರಿಯ ಪಕ್ಕದಲ್ಲಿದ್ದ ಮರದ ಪಟ್ಟಿಯ ಅಂಚು ನಿಚ್ಚಳವಾಗಿದ್ದಿತು, ಅಕ್ಷರಗಳು ಮಸುಕಾಗಿದ್ದುವು. ಆ ಗರಿಯ ಪಾಠವು ನಮಗಿನ್ನು ದೊರೆಯದು.

ಮುಕ್ಕಾಲಿಯು ಅಲುಗಾಟವನ್ನು ತಡೆಯುವುದೇ ಹೊರತು ಫೋಕಸ್ಸಿನ ಸ್ಥಾನವನ್ನು ಆರಿಸಲಾರದು. ಸ್ವಯಂಚಾಲಿತ ಫೋಕಸ್ಸಿಗೆ ಬೆಳಕು ನೆರಳುಗಳ ಭೇದ ಹೆಚ್ಚಿರುವೆಡೆಯನ್ನು ಹಿಡಿಯುವುದು ಸುಲಭ. ಮಾಸಿದ ಅಕ್ಷರಗಳನ್ನು ಬಿಟ್ಟು ಅದು ಪಟ್ಟಿಯನ್ನು ಹಿಡಿದಿದ್ದಿತು. ಸಮೀಪದಿಂದ ತೆಗೆಯುವಾಗ ಸ್ಫುಟವಾಗುವ ಆಳವು ಕೆಲವೇ ಮಿಲಿಮೀಟರುಗಳಾದಕಾರಣ, ಪಟ್ಟಿಗಿಂತ ಕೆಳಗಿದ್ದ ಗರಿಯು ಮಸುಕಾಯಿತು.

ಅಂದಿನಿಂದ ನಾವು ಅನುಸರಿಸುವ ಕ್ರಮವಿದು. ಮುಕ್ಕಾಲಿಯ ನಡುಗಂಬವನ್ನು ಎತ್ತರಿಸದೆ ಕಾಲುಗಳನ್ನು ಭದ್ರವಾಗಿ ಊರತಕ್ಕದ್ದು. ಗರಿಯ ಜಾಗದಲ್ಲಿ ಚಿಕ್ಕ ಕನ್ನಡಿಯನ್ನು ಮಲಗಿಸಿ, ಲೆನ್ಸಿನ ಪ್ರತಿಬಿಂಬವು ತೆರೆಯ ನಟ್ಟನಡುವೆ ಕಾಣುವಂತೆ ಕ್ಯಾಮೆರಾವನ್ನು ಹೊಂದಿಸಿದರೆ ಗರಿಗೂ ಕ್ಯಾಮೆರಾಕ್ಕೂ ಓರೆಯಿರದು. ಬಳಿಕ ಸ್ವಯಂಚಾಲಿತ ಫೋಕಸ್ಸನ್ನು ನಿಲ್ಲಿಸಿ, ತೆರೆಯ ಚಿತ್ರವನ್ನು 10 ಪಟ್ಟು ಹಿಗ್ಗಿಸಿ, ಒಂದು ಅಕ್ಷರದ ಗೀರು ಮೊನಚಾಗುವವರೆಗೆ ಲೆನ್ಸಿನ ಬಳೆಯನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಅಪರ್ಚರ್ ಎಫ್/8ರ ಆಸುಪಾಸಿನಲ್ಲಿರಲಿ. ಎಫ್/22ರಷ್ಟು ಕಿರಿದುಮಾಡಿದರೆ ಬೆಳಕು ಚದುರಿ ಗೆರೆಗಳು ಮೆತ್ತಗಾಗುವುವು. ಲೆನ್ಸಿನಲ್ಲಿ ನಡುಕ ತಡೆಯುವ ಸಾಧನವಿದ್ದರೆ ಅದನ್ನೂ ನಿಲ್ಲಿಸುವುದು ಮೇಲು; ಮುಕ್ಕಾಲಿಯ ಮೇಲೆ ಕೆಲವು ಸಾಧನಗಳು ತಾವೇ ಅಲುಗಾಟವನ್ನುಂಟುಮಾಡುವುವು. ಗುಂಡಿಯೊತ್ತುವ ಬೆರಳೂ ಕ್ಯಾಮೆರಾವನ್ನು ನಡುಗಿಸುವುದರಿಂದ, ಸೆಲ್ಫ್ ಟೈಮರನ್ನು 10 ಸೆಕೆಂಡಿಗಿಟ್ಟು ಕೈ ತೆಗೆಯತಕ್ಕದ್ದು.

ಇವೆಲ್ಲಕ್ಕೂ ಮಿಗಿಲಾದ ನಿಯಮವೊಂದುಂಟು. ತೆಗೆದ ಚಿತ್ರವನ್ನು ಹಿಗ್ಗಿಸಿ, ಗರಿಯ ಎರಡು ತುದಿಗಳನ್ನೂ ನಡುವನ್ನೂ ಓದಿ ನೋಡಿದಲ್ಲದೆ ಗರಿಯನ್ನು ಸರಿಸಕೂಡದು.

ಉಳಿದ ಗರಿಗಳನ್ನು ಹೀಗೆಯೇ ತೆಗೆದೆವು. ಅವುಗಳ ಅಕ್ಷರಗಳನ್ನು ಈಗ ನಮ್ಮ ಮೊಮ್ಮಗಳು ಕೂಡಿಸಿ ಓದಲು ಕಲಿಯುತ್ತಿರುವಳು. ಪುಡಿಯಾದ ಗರಿಯ ಸ್ಥಾನದಲ್ಲಿ ಮಾತ್ರ ಒಂದು ಪುಟವನ್ನು ಬರಿದಾಗಿ ಬಿಟ್ಟಿರುವೆವು.